ಬೆಂಬಲ ನಿಂತ ಮೇಲೂ ಪಿಕಾಸಾ: ಹದಿನಾರು ವರ್ಷಗಳ ಬಳಕೆಯ ನಂತರ ಒಂದು ವಿಮರ್ಶೆ

ಕಂಪ್ಯೂಟರಿನಲ್ಲಿರುವ ಫೋಟೊಗಳನ್ನು ಜೋಡಿಸಿ ತಿದ್ದುವ, ಗೂಗಲ್‌ನ ಪಿಕಾಸಾ ತಂತ್ರಾಂಶವನ್ನು ನಾನು 2009ರಿಂದ ಬಳಸುತ್ತಿದ್ದೇನೆ. 2016ರ ಮಾರ್ಚ್ 15ರಂದು ಗೂಗಲ್ ಅದರ ಬೆಂಬಲವನ್ನು ನಿಲ್ಲಿಸಿತು, ಆಮೇಲೆ ಹೊಸ ಆವೃತ್ತಿ ಬರಲಿಲ್ಲ. ಈ ಅವಧಿಯಲ್ಲಿ ನಮ್ಮ ಮನೆಯ ಕಂಪ್ಯೂಟರ್ ವಿಂಡೋಸ್ ಎಕ್ಸ್‌ಪಿಯಿಂದ ಏಳಕ್ಕೆ, ಏಳರಿಂದ ಹತ್ತಕ್ಕೆ, 2025ರ ಕೊನೆಯಲ್ಲಿ ಹನ್ನೊಂದಕ್ಕೆ ಬಂದು ನಿಂತಿದೆ. ಪ್ರತಿ ಸಲವೂ ಮೊದಲು ಕಾಡುತ್ತಿದ್ದ ಪ್ರಶ್ನೆ ಒಂದೇ: ಪಿಕಾಸಾ ತೆರೆದುಕೊಳ್ಳುತ್ತದೆಯೇ? ಇಲ್ಲಿಯವರೆಗೆ ತೆರೆದುಕೊಂಡಿದೆ. ಆದರೆ ತೆರೆದುಕೊಳ್ಳುವುದಷ್ಟೇ ಸಾಲದು ಎಂಬುದನ್ನು ನಾನು ತಡವಾಗಿ ಕಲಿತೆ. ಅದನ್ನು ಹೇಳುವುದಕ್ಕಾಗಿಯೇ ಈ ಬರಹ.

ನಾನು ಸಾಗರದ ಕಡೆಯ ನಿವೃತ್ತ ಪ್ರೌಢಶಾಲಾ ಶಿಕ್ಷಕ. ಸೊರಬ, ಸಾಗರ, ಶಿಕಾರಿಪುರ ತಾಲ್ಲೂಕುಗಳ ವೀರಗಲ್ಲು, ಮಾಸ್ತಿಕಲ್ಲು ಮತ್ತು ಶಾಸನಗಳ ಫೋಟೊ ತೆಗೆದು, ಊರುವಾರು ಜೋಡಿಸಿಡುವುದು ನನ್ನ ಹವ್ಯಾಸ. ಪಿಂಚಣಿಯಲ್ಲಿ ತಿಂಗಳು ತಿಂಗಳು ಚಂದಾ ಕಟ್ಟಿ ಫೋಟೊ ತಂತ್ರಾಂಶ ಇಟ್ಟುಕೊಳ್ಳುವುದು ನನಗೆ ಸರಿಹೋಗುವುದಿಲ್ಲ. ಚಂದಾ ನಿಂತ ದಿನ ನನ್ನ ಕೆಲಸವೂ ನಿಲ್ಲುವಂತಾಗಬಾರದು ಎಂಬುದು ಇನ್ನೊಂದು ಕಾರಣ. ಪಿಕಾಸಾ ಉಚಿತವಾಗಿ ಸಿಕ್ಕಿತ್ತು, ಹಳೆಯ ಕಂಪ್ಯೂಟರಿನಲ್ಲೂ ಹಗುರವಾಗಿ ಓಡುತ್ತಿತ್ತು, ಮತ್ತು ಕಲ್ಲಿನ ಮೇಲಿನ ಅಕ್ಷರ ಓದಲು ಬೇಕಾದ ಮೂರು ನಾಲ್ಕು ಸಾಧನಗಳು ಅದರಲ್ಲಿ ಕೈಗೆ ಸುಲಭವಾಗಿ ಸಿಗುವಂತಿದ್ದವು.

ಆ ಸಾಧನಗಳ ಬಗ್ಗೆ ಸ್ವಲ್ಪ ಹೇಳಬೇಕು. ಬೆಳಗಿನ ಓರೆ ಬಿಸಿಲಿನಲ್ಲಿ ತೆಗೆದ ಚಿತ್ರದಲ್ಲಿ ಅಕ್ಷರದ ಒಂದು ಅಂಚು ಬೆಳಗಿದರೆ ಇನ್ನೊಂದು ಅಂಚು ನೆರಳಿನಲ್ಲಿ ಮುಳುಗಿರುತ್ತದೆ. ‘ಫಿಲ್ ಲೈಟ್’ ಎಂಬ ಜಾರುಪಟ್ಟಿಯನ್ನು ಮೆಲ್ಲಗೆ ಬಲಕ್ಕೆ ಎಳೆದರೆ ಬೆಳಕಿನ ಭಾಗ ಹೆಚ್ಚು ಕೆಡದೆ ನೆರಳಿನೊಳಗಿನ ಗೆರೆಗಳು ಮೇಲೆದ್ದು ಬರುತ್ತವೆ. ಓರೆಯಾಗಿ ನಿಂತ ಕಲ್ಲನ್ನು ನೇರ ಮಾಡುವಾಗ ಚಿತ್ರದ ಮೇಲೆ ಚೌಕಳಿ ಗೆರೆಗಳು ಮೂಡುತ್ತವೆ. ಶಾಸನದ ಒಂದು ಸಾಲನ್ನು ಆ ಗೆರೆಗೆ ಹೊಂದಿಸಿದರೆ ಉಳಿದ ಸಾಲುಗಳೂ ನೇರವಾಗುತ್ತವೆ. ನಾನು ಎಲ್ಲಕ್ಕಿಂತ ಹೆಚ್ಚು ನೆಚ್ಚಿಕೊಂಡದ್ದು ಬಣ್ಣ ಆರಿಸಿ ಕಪ್ಪು ಬಿಳುಪು ಮಾಡುವ ‘ಫಿಲ್ಟರ್ಡ್ ಬಿ ಅಂಡ್ ಡಬ್ಲ್ಯು’ ಸಾಧನವನ್ನು. ಮಲೆನಾಡಿನ ಕಲ್ಲೆಂದರೆ ಪಾಚಿ ಇರಲೇಬೇಕು. ಹಸಿರನ್ನು ಆರಿಸಿದರೆ ಪಾಚಿ ತಿಳಿಯಾಗುತ್ತದೆ, ಕೆಂಪನ್ನು ಆರಿಸಿದರೆ ಕಪ್ಪಾಗುತ್ತದೆ. ಎರಡನ್ನೂ ಮಾಡಿ ನೋಡುತ್ತಾ ಕುಳಿತರೆ, ಕಲ್ಲಿನ ಮುಂದೆ ನಿಂತಾಗ ಕಾಣದಿದ್ದ ಒಂದು ಒತ್ತಕ್ಷರವೋ ದೀರ್ಘವೋ ಕಣ್ಣಿಗೆ ಬೀಳುತ್ತದೆ. ರಾತ್ರಿ ಊಟವಾದ ಮೇಲೆ ಗಂಟೆಗಟ್ಟಲೆ ಹೀಗೆ ಕುಳಿತಿದ್ದೇನೆ. ಅಚ್ಚಾದ ಪಾಠ ಇರುವ ಕಲ್ಲಾದರೆ, ಶಾಸನಗಳ ಸಂಪುಟಮಾಲೆಯಾದ ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ಅದಕ್ಕಿರುವ ಸಂಖ್ಯೆಯನ್ನು ಚಿತ್ರಕ್ಕೆ ಕೀವರ್ಡ್ ಆಗಿ ಸೇರಿಸುತ್ತೇನೆ. ತಾಳಗುಂದದ ಸ್ತಂಭಶಾಸನಕ್ಕೆ ‘ಶಿಕಾರಿಪುರ 176’ ಎಂದು ಕೊಟ್ಟಿರುವುದರಿಂದ ಸಂಖ್ಯೆ ಬರೆದು ಹುಡುಕಿದರೆ ಬೇರೆ ಬೇರೆ ವರ್ಷ ತೆಗೆದ ಅದರ ಚಿತ್ರಗಳೆಲ್ಲ ಒಟ್ಟಿಗೆ ಬಂದು ನಿಲ್ಲುತ್ತವೆ.

ವಿಂಡೋಸ್ ಏಳಕ್ಕೆ 2020ರ ಜನವರಿ 14ರಂದು ಬೆಂಬಲ ಕೊನೆಗೊಂಡಿತು. ಮರುತಿಂಗಳು ವಿಂಡೋಸ್ ಹತ್ತು ಹಾಕಿಸಲು ಕಂಪ್ಯೂಟರನ್ನು ಪೇಟೆಯ ಒಂದು ರಿಪೇರಿ ಅಂಗಡಿಗೆ ಒಯ್ದೆ. ಫೋಟೊಗಳಿರುವ ಡಿ ಡ್ರೈವ್ ಮುಟ್ಟಬಾರದು ಎಂದು ಎರಡು ಬಾರಿ ಹೇಳಿದ್ದೆ. ಸಂಜೆ ತರಲು ಹೋದಾಗ ಅಂಗಡಿಯ ಹುಡುಗ, “ಡಿ ಡ್ರೈವ್ ಮುಟ್ಟಿಲ್ಲ ಸರ್, ಸಿ ಡ್ರೈವ್ ಪೂರ್ತಿ ಫಾರ್ಮ್ಯಾಟ್ ಮಾಡಿ ಹೊಸದು ಹಾಕಿದ್ದೀನಿ” ಎಂದ. ಅವನ ತಪ್ಪೇನೂ ಇರಲಿಲ್ಲ. ಪಿಕಾಸಾ ತನ್ನ ದತ್ತಾಂಶವನ್ನು ಸಿ ಡ್ರೈವಿನ ಒಂದು ಮರೆಯಾದ ಫೋಲ್ಡರಿನಲ್ಲಿ ಇಟ್ಟುಕೊಂಡಿರುತ್ತದೆ ಎಂಬುದು ನನಗೆ ಗೊತ್ತಿತ್ತು. ಅದನ್ನು ಹೇಳಲು ಮರೆತವನು ನಾನು. ಹನ್ನೊಂದು ವರ್ಷ ನೇರ ಮಾಡಿದ್ದು, ಕತ್ತರಿಸಿದ್ದು, ನಕ್ಷತ್ರ ಹಾಕಿದ್ದು, ಮುಖಗಳಿಗೆ ಹೆಸರು ಬರೆದದ್ದು ಎಲ್ಲವೂ ಹೋಯಿತೆಂದುಕೊಂಡು ಮನೆಗೆ ಬಂದೆ.

ಪೆನ್‌ಡ್ರೈವಿನಲ್ಲಿ 3.9 ಆವೃತ್ತಿಯ ಅನುಸ್ಥಾಪನಾ ಕಡತ ಇತ್ತು. ಅದನ್ನು ಹಾಕಿ, ಡಿ ಡ್ರೈವಿನ ಫೋಲ್ಡರುಗಳನ್ನು ತೋರಿಸಿ ಕುಳಿತೆ. ಪರದೆಯ ಮೇಲೆ ಚಿತ್ರಗಳು ಒಂದೊಂದಾಗಿ ತುಂಬತೊಡಗಿದವು. ಸೊರಬ ತಾಲ್ಲೂಕಿನ ಒಂದು ಅಡಿಕೆ ತೋಟದ ಬದುವಿನಲ್ಲಿ ನಿಂತಿರುವ ಮೂರು ಪಟ್ಟಿಕೆಗಳ ವೀರಗಲ್ಲಿನ ಚಿತ್ರ ಮೊದಲು ಮೂಲದಲ್ಲಿದ್ದಂತೆಯೇ, ಪಕ್ಕದ ಬೇಲಿ, ಗೊಬ್ಬರದ ಬುಟ್ಟಿ ಸಮೇತ ಬಂತು. ಕ್ಷಣದಲ್ಲೇ ಅದು ನಾನು 2013ರಲ್ಲಿ ಕತ್ತರಿಸಿ ನೇರ ಮಾಡಿದ ರೂಪಕ್ಕೆ ತಿರುಗಿತು. ಕೆಳಗಿನ ಕಾಳಗ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಲಿಂಗ, ಪಟ್ಟಿಕೆಗಳ ನಡುವಿನ ಎರಡು ಸಾಲು ಬರಹ, ಎಲ್ಲವೂ ನಾನು ತಂದಿದ್ದ ಬೆಳಕಿನಲ್ಲಿಯೇ ಇದ್ದವು. ಮೂಲೆಯಲ್ಲಿ ಹಳದಿ ನಕ್ಷತ್ರವೂ ಇತ್ತು. ಇನ್ನಷ್ಟು ಹೊತ್ತಿಗೆ ಎಡಗಡೆಯ ಪಟ್ಟಿಯಲ್ಲಿ ಹೆಸರುಗಳು ಕಾಣಿಸಿಕೊಂಡವು: ಕಲ್ಲು ಇರುವ ಜಾಗ ತೋರಿಸಿದವರು, ಪೊದೆ ಕಡಿದು ದಾರಿ ಮಾಡಿಕೊಟ್ಟವರು, ತೋಟದ ಯಜಮಾನರು. ಅವರಲ್ಲಿ ಮೂವರು ಆ ಹೊತ್ತಿಗಾಗಲೇ ತೀರಿಕೊಂಡಿದ್ದರು. ಒಂದು ತಂತ್ರಾಂಶದ ಮುಂದೆ ಕುಳಿತು ನನ್ನ ಕಣ್ಣು ತೇವವಾದದ್ದು ಅದೊಂದೇ ಸಲ.

ಇದು ಹೇಗಾಯಿತೆಂದು ಹುಡುಕಿದಾಗ ಉತ್ತರ ಪ್ರತಿ ಫೋಲ್ಡರಿನೊಳಗೂ ಇತ್ತು. ಪಿಕಾಸಾದಲ್ಲಿ ನಾವು ಮಾಡುವ ತಿದ್ದುಪಡಿ ಚಿತ್ರದ ಮೇಲೆ ಆಗುವುದಿಲ್ಲ. ಅದೇ ಫೋಲ್ಡರಿನಲ್ಲಿ ಚುಕ್ಕಿಯಿಂದ ಶುರುವಾಗುವ, ‘ಪಿಕಾಸಾ ಡಾಟ್ ಐಎನ್‌ಐ’ ಎಂಬ ಮರೆಯಾದ ಪಠ್ಯ ಕಡತದಲ್ಲಿ ಬರೆದಿಡಲ್ಪಡುತ್ತದೆ. ಅದನ್ನು ನೋಟ್‌ಪ್ಯಾಡಿನಲ್ಲಿ ತೆರೆದು ನೋಡಬಹುದು. ಚೌಕ ಆವರಣದಲ್ಲಿ ಚಿತ್ರದ ಹೆಸರು, ಅದರ ಕೆಳಗೆ ‘ಸ್ಟಾರ್ ಈಕ್ವಲ್ ಟು ಯೆಸ್’ ಎಂಬ ಸಾಲು, ಮುಂದೆ ಕತ್ತರಿಸಿದ ಚೌಕದ ಅಳತೆಗಾಗಿ ಅಂಕಿ ಅಕ್ಷರ ಬೆರೆತ ಒಂದು ಉದ್ದದ ಸಂಖ್ಯೆ. ಆ ಸಂಖ್ಯೆಯನ್ನು ನಾಲ್ಕು ಭಾಗ ಮಾಡಿದರೆ ಚಿತ್ರದ ಎಡ, ಮೇಲು, ಬಲ, ಕೆಳ ಅಂಚುಗಳು ಎಲ್ಲಿಗೆ ನಿಲ್ಲಬೇಕೆಂಬುದು ಸಿಗುತ್ತದೆ. ಮುಖದ ಸುತ್ತಲಿನ ಚೌಕವನ್ನೂ ಇದೇ ರೀತಿಯಲ್ಲಿ ಬರೆದು, ಪಕ್ಕದಲ್ಲಿ ವ್ಯಕ್ತಿಯ ಗುರುತುಸಂಖ್ಯೆ ಕೊಟ್ಟಿರುತ್ತಾರೆ. ಗುರುತುಸಂಖ್ಯೆ ಯಾರದೆಂಬ ಹೆಸರೂ ಅದೇ ಕಡತದಲ್ಲಿರುತ್ತದೆ. ಹೀಗಾಗಿ ಸಿ ಡ್ರೈವಿನ ದತ್ತಾಂಶ ಅಳಿಸಿದರೂ ಫೋಲ್ಡರುಗಳು ತಮ್ಮ ನೆನಪನ್ನು ತಾವೇ ಇಟ್ಟುಕೊಂಡಿದ್ದವು. ಈ ವಿನ್ಯಾಸವನ್ನು ಯೋಚಿಸಿದವರ ಬಗ್ಗೆ ನನಗೆ ಇಂದಿಗೂ ಗೌರವವಿದೆ.

ಆ ದಿನದ ಸಂತೋಷ ನನ್ನನ್ನು ಐದು ವರ್ಷ ಮೈಮರೆಸಿತು ಎಂದೇ ಹೇಳಬೇಕು. ಏನೇ ಆದರೂ ಪಿಕಾಸಾ ಕೈಬಿಡುವುದಿಲ್ಲ ಎಂಬ ಧೈರ್ಯದಲ್ಲಿ ಬೇರೆ ಯಾವ ವ್ಯವಸ್ಥೆಯನ್ನೂ ಮಾಡಿಕೊಳ್ಳಲಿಲ್ಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ ಹತ್ತರ ಬೆಂಬಲ ಮುಗಿಯುತ್ತದೆಂದು ತಿಳಿದಾಗ, ಹಳೆಯ ಕಂಪ್ಯೂಟರ್ ಹನ್ನೊಂದಕ್ಕೆ ಅರ್ಹವಲ್ಲದ್ದರಿಂದ ಹೊಸ ಲ್ಯಾಪ್‌ಟಾಪ್ ಕೊಂಡೆ. ಚಿತ್ರಗಳನ್ನು ನಾನೇ ವರ್ಗಾಯಿಸಿದೆ. ಇದೇ ಅವಕಾಶವೆಂದು ಫೋಲ್ಡರುಗಳನ್ನು ತಾಲ್ಲೂಕುವಾರು ಹೊಸದಾಗಿ ಮಾಡಿ, ಹಳೆಯ ಫೋಲ್ಡರಿನ ಒಳಗೆ ಹೋಗಿ, ಎಲ್ಲ ಚಿತ್ರಗಳನ್ನು ಆರಿಸಿ, ಹೊಸದರಲ್ಲಿ ಅಂಟಿಸುತ್ತಾ ಹೋದೆ. ಮರೆಯಾದ ಕಡತಗಳು ಕಣ್ಣಿಗೆ ಕಾಣದಿದ್ದರೆ ಹೀಗೆ ಆರಿಸುವಾಗ ಅವು ಸೇರುವುದಿಲ್ಲ. ಫೋಲ್ಡರನ್ನು ಇಡಿಯಾಗಿ ನಕಲು ಮಾಡಿದ್ದರೆ ಬರುತ್ತಿದ್ದವು. ನಾಲ್ಕು ದಿನದ ಕೆಲಸ ಮುಗಿಸಿ ಹೊಸ ಲ್ಯಾಪ್‌ಟಾಪಿನಲ್ಲಿ ಪಿಕಾಸಾ ತೆರೆದೆ. ತಂತ್ರಾಂಶ ಎಂದಿನಂತೆ ಚುರುಕಾಗಿ ತೆರೆದುಕೊಂಡಿತು. ಚಿತ್ರಗಳೆಲ್ಲ ಬಂದವು. ತೋಟದ ವೀರಗಲ್ಲು ಬೇಲಿ, ಬುಟ್ಟಿ ಸಮೇತ ಬಂತು, ಹಾಗೆಯೇ ಉಳಿಯಿತು. ಎಡಗಡೆಯ ಪಟ್ಟಿಯಲ್ಲಿ ಒಂದು ಹೆಸರೂ ಇರಲಿಲ್ಲ.

ಹಳೆಯ ಹಾರ್ಡ್ ಡಿಸ್ಕನ್ನು ಇನ್ನೂ ಇಟ್ಟುಕೊಂಡಿದ್ದೆನಾದ್ದರಿಂದ ಫೋಲ್ಡರುಗಳನ್ನು ಮೊದಲಿದ್ದ ಕ್ರಮದಲ್ಲಿಯೇ ಮತ್ತೆ ಇಡಿಯಾಗಿ ನಕಲು ಮಾಡಿ ಎಲ್ಲವನ್ನೂ ಮರಳಿ ಪಡೆದೆ. ಆದರೆ ಆ ಮೇಲೆ ನನ್ನ ಅಭಿಪ್ರಾಯ ಬದಲಾಗಿದೆ. 2020ರಲ್ಲಿ ನನ್ನನ್ನು ಉಳಿಸಿದ ಗುಣವೇ ಈಗ ನನಗೆ ದೊಡ್ಡ ದೋಷವಾಗಿ ಕಾಣುತ್ತಿದೆ. ನನ್ನ ಹದಿನಾರು ವರ್ಷಗಳ ತಿದ್ದುಪಡಿ ಇರುವುದು ಚಿತ್ರದಲ್ಲಲ್ಲ, ಪಕ್ಕದ ಒಂದು ಚೀಟಿಯಲ್ಲಿ. ಆ ಚೀಟಿಯನ್ನು ಓದಿ ಹಾಗೆಯೇ ತೋರಿಸಬಲ್ಲದ್ದು ಪಿಕಾಸಾ ಮಾತ್ರ. ಚಿತ್ರದ ಹೆಸರನ್ನು ಹೊರಗಿನಿಂದ ಬದಲಿಸಿದರೆ ಚೀಟಿಗೂ ಚಿತ್ರಕ್ಕೂ ಸಂಬಂಧ ತಪ್ಪುತ್ತದೆ. ಸಂಶೋಧಕರೊಬ್ಬರಿಗೆ ಫೋಲ್ಡರಿನಿಂದ ನೇರವಾಗಿ ಚಿತ್ರ ಕಳಿಸಿದರೆ ಅವರಿಗೆ ಹೋಗುವುದು ತಿದ್ದದ ಮೂಲಚಿತ್ರ. ಮ್ಯಾಕ್ ಬಳಸುವವರಿಗಂತೂ 2019ರ ಕ್ಯಾಟಲಿನಾ ಆವೃತ್ತಿಯಲ್ಲಿ ಪಿಕಾಸಾದಂಥ ಹಳೆಯ 32 ಬಿಟ್ ತಂತ್ರಾಂಶಗಳು ನಿಂತುಹೋದಂದೇ ಪಿಕಾಸಾದ ಬಾಗಿಲು ಮುಚ್ಚಿತು. ವಿಂಡೋಸಿನಲ್ಲೂ ಅಂಥ ದಿನ ಬಂದರೆ ನನ್ನ ಕೈಯಲ್ಲಿ ಉಳಿಯುವುದು ಬೇಲಿ ಮತ್ತು ಬುಟ್ಟಿ ಇರುವ ಚಿತ್ರಗಳು.

ಬಳಸುವುದನ್ನು ಬಿಟ್ಟಿಲ್ಲ, ಬಳಸುವ ರೀತಿಯನ್ನು ಬದಲಿಸಿದ್ದೇನೆ. ಪ್ರತಿ ಫೋಲ್ಡರಿನ ತಲೆಯಲ್ಲಿ ತಿದ್ದಿದ್ದನ್ನು ಡಿಸ್ಕಿಗೆ ಉಳಿಸುವ ಒಂದು ಗುಂಡಿ ಇದೆ. ಅದನ್ನು ಒತ್ತಿದರೆ ತಿದ್ದುಪಡಿ ಚಿತ್ರದೊಳಗೇ ಸೇರುತ್ತದೆ, ಮೂಲಚಿತ್ರ ‘ಪಿಕಾಸಾ ಒರಿಜಿನಲ್ಸ್’ ಎಂಬ ಮರೆಯಾದ ಉಪಫೋಲ್ಡರಿಗೆ ಹೋಗುತ್ತದೆ. ಜಾಗ ಹೆಚ್ಚು ಬೇಕಾಗುತ್ತದೆ, ಆದರೆ ಎರಡೂ ರೂಪಗಳು ಕೈಯಲ್ಲಿರುತ್ತವೆ. ಮುಖದ ಹೆಸರುಗಳನ್ನು ಚಿತ್ರದೊಳಗೆ ಬರೆಯುವ ಆಯ್ಕೆ ಸೆಟ್ಟಿಂಗಿನಲ್ಲಿ ಮೊದಲಿನಿಂದ ಆರಿಸಿರಲಿಲ್ಲ, ಅದನ್ನೂ ಆರಿಸಿದ್ದೇನೆ. ಮರೆಯಾದ ಕಡತಗಳು ಸದಾ ಕಾಣುವಂತೆ ವಿಂಡೋಸಿನಲ್ಲಿ ಬದಲಿಸಿಕೊಂಡಿದ್ದೇನೆ. ಅನುಸ್ಥಾಪನಾ ಕಡತ ಮೂರು ಕಡೆ ಇದೆ, ಏಕೆಂದರೆ ಅಧಿಕೃತ ತಾಣದಲ್ಲಿ ಅದು ಈಗ ಸಿಗುವುದಿಲ್ಲ, ಗುರುತಿಲ್ಲದ ತಾಣಗಳಿಂದ ಇಳಿಸಿಕೊಳ್ಳುವುದು ಅಪಾಯ. ಅಂತರ್ಜಾಲಕ್ಕೆ ಚಿತ್ರ ಏರಿಸುವ ಸೌಲಭ್ಯ ಕೆಲಸ ಮಾಡುವುದಿಲ್ಲ; ಅದರ ಅಗತ್ಯ ನನಗಿಲ್ಲ. ಹೊಸ ಫೋನುಗಳ ಎಚ್‌ಇಐಸಿ ಎಂಬ ಮಾದರಿಯ ಚಿತ್ರಗಳನ್ನು ಪಿಕಾಸಾ ತೆರೆಯುವುದಿಲ್ಲವಾದ್ದರಿಂದ ಫೋನನ್ನು ಜೆಪಿಜಿಗೆ ಬದಲಿಸಿಟ್ಟಿದ್ದೇನೆ.

ಡಿಜಿಕ್ಯಾಮ್ ಎಂಬ ಉಚಿತ ತಂತ್ರಾಂಶವನ್ನೂ ಹಾಕಿಕೊಂಡಿದ್ದೇನೆ. ಅದರ ಪರದೆ ತುಂಬ ಸಾಧನಗಳಿವೆ, ಕಲಿಯಲು ಸಮಯ ಬೇಕು. ಪಿಕಾಸಾದಲ್ಲಿ ಮೌಸಿನ ಚಕ್ರ ತಿರುಗಿಸುತ್ತಾ ವರ್ಷಗಳನ್ನು ದಾಟಿಹೋಗುವ ಸಲೀಸು ನನಗೆ ಅಲ್ಲಿ ಇನ್ನೂ ಒಗ್ಗಿಲ್ಲ. ಆದರೆ ಅದು ಇಂದಿಗೂ ಬೆಳೆಯುತ್ತಿರುವ ತಂತ್ರಾಂಶ, ಚಿತ್ರದೊಳಗೆ ಬರೆದಿಟ್ಟ ಕೀವರ್ಡ್ ಮತ್ತು ಹೆಸರುಗಳನ್ನು ಅದು ಓದುತ್ತದೆ. ಹೊಸದಾಗಿ ಶುರು ಮಾಡುವವರು ಕೇಳಿದರೆ ಅದನ್ನೇ ಹೇಳುತ್ತೇನೆ. ಹಳೆಯ ಸಂಗ್ರಹ ಇದ್ದವರು ಪಿಕಾಸಾ ನಡೆಯುತ್ತಿರುವಾಗಲೇ ಉಳಿಸುವ ಕೆಲಸ ಶುರು ಮಾಡಬೇಕು.

ನಾನು ದಿನಕ್ಕೊಂದು ಫೋಲ್ಡರ್ ಎಂದು ಇಟ್ಟುಕೊಂಡಿದ್ದೇನೆ. ಸಂಜೆ ದೀಪ ಹಚ್ಚಿದ ಮೇಲೆ ಕುಳಿತು, ಪ್ರತಿ ಚಿತ್ರವನ್ನು ಮೂಲದ ಪಕ್ಕದಲ್ಲಿಟ್ಟು ನೋಡಿ, ಅಂದು ಅವಸರದಲ್ಲಿ ಹೆಚ್ಚು ಎಳೆದ ಫಿಲ್ ಲೈಟನ್ನು ಸ್ವಲ್ಪ ತಗ್ಗಿಸಿ, ಉಳಿಸುತ್ತೇನೆ. ನಿನ್ನೆ 2013ರ ಸರದಿ ಬಂತು. ಅಡಿಕೆ ತೋಟದ ಯಜಮಾನರು ತಲೆಗೆ ಟವೆಲ್ ಸುತ್ತಿಕೊಂಡು ವೀರಗಲ್ಲಿನ ಪಕ್ಕ ನಿಂತ ಚಿತ್ರ ಒಂದಿದೆ. ಈಗ ಅವರು ಇಲ್ಲ. ಉಳಿಸಿದ ಮೇಲೆ ಪಿಕಾಸಾ ಮುಚ್ಚಿ, ಅದೇ ಚಿತ್ರವನ್ನು ಡಿಜಿಕ್ಯಾಮಿನಲ್ಲಿ ತೆರೆದೆ. ಬೇಲಿ, ಬುಟ್ಟಿ ಇರಲಿಲ್ಲ. ಅವರ ಮುಖದ ಸುತ್ತ ಚೌಕವೂ, ಅದರ ಕೆಳಗೆ ಅವರ ಹೆಸರೂ ಇದ್ದವು.