ಏಳನೇ ನಂಬರ್: ಜಾತ್ರೆಯಲ್ಲಿ ಕೊಂಡ ಜಪದ ಪೆಟ್ಟಿಗೆ

ಮೊದಲೇ ಹೇಳಿಬಿಡುತ್ತೇನೆ, ಇದು ಒಳ್ಳೆಯ ವಸ್ತು ಅಲ್ಲ. ತುಮಕೂರಿನ ಬಿ.ಎಚ್. ರಸ್ತೆಗೆ ಸೇರುವ ಒಂದು ಸಂದಿಯಲ್ಲಿ ನಾನು ರೇಡಿಯೊ, ಟಿವಿ ರಿಪೇರಿ ಅಂಗಡಿ ಇಟ್ಟು ಮೂವತ್ತು ವರ್ಷ ದಾಟಿದೆ. ಒಂದು ಡಬ್ಬಿಯನ್ನು ಕೈಯಲ್ಲಿ ಹಿಡಿದರೆ ತೂಕದಲ್ಲೇ ಗೊತ್ತಾಗುತ್ತದೆ, ಒಳಗೆ ಏನಿದೆ, ಏನಿಲ್ಲ ಅಂತ. ಈ ಪೆಟ್ಟಿಗೆ ಹಿಡಿದಾಗ ಒಳಗೆ ಏನೂ ಇಲ್ಲ ಅನ್ನಿಸಿತು. ಆದರೂ ಕೊಂಡೆ. ಪಕ್ಕದಲ್ಲಿ ಅಮ್ಮ ನಿಂತಿದ್ದಳು.

2023ರ ಶಿವರಾತ್ರಿ, ಸಿದ್ಧಗಂಗೆ ಜಾತ್ರೆ. ದನಗಳನ್ನು ನೋಡಿ, ಬೆಟ್ಟ ಹತ್ತಲಾರದೆ ಕೆಳಗಿನಿಂದಲೇ ಕೈಮುಗಿದು, ವಸ್ತುಪ್ರದರ್ಶನದ ಕಡೆ ಬಂದೆವು. ಪ್ಲಾಸ್ಟಿಕ್ ಬಕೆಟ್ ಅಂಗಡಿಗೂ ಬೋಂಡದ ಅಂಗಡಿಗೂ ನಡುವೆ ಒಬ್ಬ ಇಪ್ಪತ್ತು ಪೆಟ್ಟಿಗೆಗಳನ್ನು ಒಟ್ಟಿಗೆ ಹಾಡಿಸುತ್ತಿದ್ದ. ಒಂದರಲ್ಲಿ ಗಣೇಶ, ಒಂದರಲ್ಲಿ ಹನುಮಂತ, ಒಂದರಲ್ಲಿ ಗಾಯತ್ರಿ. ಆ ಗದ್ದಲದಲ್ಲಿ ಅಮ್ಮನಿಗೆ ಹೇಗೋ ಓಂ ನಮಃ ಶಿವಾಯ ಮಾತ್ರ ಕೇಳಿಸಿತು. 350 ಅಂದ. 280ಕ್ಕೆ ಕೊಟ್ಟ. ಆರು ತಿಂಗಳು ವಾರಂಟಿ ಅಂತ ಒಂದು ಚೀಟಿಯನ್ನೂ ಕೊಟ್ಟ. ಅದರಲ್ಲಿ ಮೊಹರು ಇಲ್ಲ, ಫೋನ್ ನಂಬರ್ ಇಲ್ಲ, ಅಂಗಡಿ ಹೆಸರೂ ಇಲ್ಲ.

ನೋಡಲು ದಪ್ಪ ಸೋಪಿನ ಡಬ್ಬಿಯ ಹಾಗಿದೆ. ಹಳದಿ ಪ್ಲಾಸ್ಟಿಕ್, ಮುಂದೆ ದೇವರ ಚಿತ್ರ, ಅದರ ಸುತ್ತ ಕೆಂಪು ಹಸಿರು ಮಿಣುಕು ದೀಪ. ಒಟ್ಟು 21 ಮಂತ್ರ. ಒಂದು ಗುಂಡಿ ಒತ್ತಿದರೆ ಮುಂದಿನ ಮಂತ್ರ. ಹಿಂದಕ್ಕೆ ಹೋಗುವ ಗುಂಡಿ ಇಲ್ಲ. ಒಂದು ದಾಟಿಹೋದರೆ ಇಡೀ ಸುತ್ತು ಬರಬೇಕು. ಓಂ ನಮಃ ಶಿವಾಯ ಇರುವುದು ಏಳನೇ ನಂಬರಿನಲ್ಲಿ. ಇದನ್ನು ನೆನಪಿಟ್ಟುಕೊಳ್ಳಿ.

ಅವತ್ತು ರಾತ್ರಿಯೇ ಬಿಚ್ಚಿ ನೋಡಿದೆ. ಅಭ್ಯಾಸ. ನಾಲ್ಕು ಸ್ಕ್ರೂ ಇರಬೇಕಾದ ಕಡೆ ಮೂರು. ಅರ್ಧ ವ್ಯಾಟಿನ, ಎಂಟು ಓಮಿನ ಒಂದು ಕಾಗದದ ಸ್ಪೀಕರ್. ಬಿಸ್ಕತ್ತಿನಷ್ಟು ದೊಡ್ಡ ಬೋರ್ಡು. ಅದರ ನಡುವೆ ಹಣೆಗೆ ಇಟ್ಟ ಹಾಗೆ ಒಂದು ಕಪ್ಪು ಬೊಟ್ಟು. ಚಿಪ್ ಇರುವುದು ಆ ಗಟ್ಟಿ ಅಂಟಿನ ಕೆಳಗೆ. ಅದು ಕೆಟ್ಟರೆ ನನ್ನಿಂದಲೂ ಆಗದು, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೂ ಆಗದು. ಬಿಸಾಡುವುದೇ.

ಮಂತ್ರ 36 ಸೆಕೆಂಡಿನದು, ಅದರಲ್ಲಿ ಆರು ಸಲ ಓಂ ನಮಃ ಶಿವಾಯ. ಮುಗಿದ ಕೂಡಲೇ ಟಕ್ ಅಂತ ಒಂದು ಸದ್ದು, ಮತ್ತೆ ಮೊದಲಿನಿಂದ. ನನ್ನ ಕಿವಿಗೆ ಆ ಟಕ್ ಹಲ್ಲಿನ ನಡುವೆ ಸಿಕ್ಕಿಕೊಂಡ ಕಡಲೆಬೀಜದ ಸಿಪ್ಪೆಯ ಹಾಗೆ. ಅಮ್ಮನಿಗೆ ಹೇಳಿದೆ. "ಪಾಪ, ಹಾಡೋನು ಉಸಿರು ತಗೋಬೇಡ್ವಾ?" ಅಂದಳು. ಲೆಕ್ಕ ಹಾಕಿ ನೋಡಿದೆ. ದಿನಕ್ಕೆ 2,400 ಸುತ್ತು, 14,400 ಜಪ. ಅಮ್ಮ ರುದ್ರಾಕ್ಷಿ ಹಿಡಿದು ಬೆಳಗ್ಗೆ 108, ಸಂಜೆ 108 ಮಾಡುತ್ತಿದ್ದಳು. ಪೆಟ್ಟಿಗೆ ಬಂದ ಮೇಲೆ ಅದನ್ನು ಬಿಡುತ್ತಾಳೆ ಅಂದುಕೊಂಡೆ. ಬಿಡಲಿಲ್ಲ.

ನನ್ನ ವಿಷಯ ಹೇಳಬೇಕು ಅಂದರೆ, ಕೊರಳಲ್ಲಿ ಲಿಂಗ ಇದೆ, ಪೂಜೆ ಹಬ್ಬಕ್ಕೆ ಮಾತ್ರ. ನನ್ನ ಕಸುಬಿನಲ್ಲಿ ಯಾವುದೂ ಉಳಿಯುವುದಿಲ್ಲ ಅನ್ನುವುದು ಬೇಗ ಗೊತ್ತಾಗುತ್ತದೆ. ವಾಲ್ವ್ ರೇಡಿಯೊ ಹೋಯಿತು, ಟೇಪ್ ರೆಕಾರ್ಡರ್ ಬಂತು. ಅದು ಹೋಯಿತು, ವಿಸಿಆರ್ ಬಂತು. ದಪ್ಪ ಟಿವಿಗಳನ್ನು ಜನ ರಿಪೇರಿಗೆ ಅಂತ ತಂದು, ವಾಪಸ್ ಒಯ್ಯಲು ಬರಲೇ ಇಲ್ಲ. ಹತ್ತು ಹದಿನೈದನ್ನು ಗುಜರಿಗೆ ಹಾಕಿದ್ದೇನೆ. ನಮ್ಮಪ್ಪ ಇದೇ ಊರಿನ ಎಚ್ಎಂಟಿ ವಾಚ್ ಕಾರ್ಖಾನೆಯಲ್ಲಿ ಪಾಳಿ ಮಾಡಿದವರು. ಆ ಕಾರ್ಖಾನೆಯೂ 2016ರಲ್ಲಿ ಮುಚ್ಚಿತು. ಕೀ ಕೊಡುವ ಅಪ್ಪನ ವಾಚು ಮಾತ್ರ ನನ್ನ ಡ್ರಾಯರಿನಲ್ಲಿ ಈಗಲೂ ನಡೆಯುತ್ತಿದೆ. ದಿನಾ ತಿರುಗಿಸಬೇಕು ಅಷ್ಟೆ.

ಪೆಟ್ಟಿಗೆಗೆ ಬರುತ್ತೇನೆ. ಐದನೇ ತಿಂಗಳಿಗೆ ಅಡಾಪ್ಟರ್ ಸತ್ತಿತು. ಮೊದಲು ಮಂತ್ರದ ಹಿಂದೆ ಗುಂಯ್ ಅಂತ ಒಂದು ಶ್ರುತಿ ಶುರುವಾಯಿತು. ಅಮ್ಮ ತಂಬೂರಿ ಅಂದುಕೊಂಡಳು. ಅದು ಕೆಪಾಸಿಟರ್ ಒಣಗಿದ ಸದ್ದು. ಇದರ ಜೊತೆ ಬರುವ ಅಡಾಪ್ಟರನ್ನು ಮೊದಲ ದಿನವೇ ಎಸೆಯಿರಿ. ಮನೆಯಲ್ಲಿ ಬಿದ್ದಿರುವ ಹಳೆಯ ಮೊಬೈಲ್ ಚಾರ್ಜರ್ ಇದ್ದರೆ, ಅದರ ಮೇಲೆ 5 ವೋಲ್ಟ್ ಅಂತ ಬರೆದಿದ್ದರೆ, ಗೊತ್ತಿರುವವರ ಹತ್ತಿರ ಪಿನ್ ಬದಲಾಯಿಸಿಕೊಳ್ಳಿ. ನಾನು ಹಾಗೆ ಮಾಡಿದ್ದು ಇವತ್ತಿಗೂ ನಡೆಯುತ್ತಿದೆ.

ಕರೆಂಟಿನ ಖರ್ಚು ಕೇಳುವವರಿಗೆ: ಮೀಟರ್ ಹಿಡಿದು ನೋಡಿದ್ದೇನೆ, ಎಲ್ಲ ಸೇರಿ ಒಂದು ವ್ಯಾಟ್. ಹಗಲು ರಾತ್ರಿ ಹಾಡಿದರೂ ತಿಂಗಳಿಗೆ ಮುಕ್ಕಾಲು ಯೂನಿಟ್ ಮುಟ್ಟುವುದಿಲ್ಲ. ಅದೇ ವರ್ಷ ಗೃಹಜ್ಯೋತಿ ಬಂದ ಮೇಲೆ ಅಷ್ಟರ ಲೆಕ್ಕವನ್ನೂ ನನ್ನ ಹೆಂಡತಿ ಬಿಟ್ಟಳು.

ಇನ್ನೊಂದು ಮಾದರಿ ಇದೆ. ವೈರು ಅಡಾಪ್ಟರ್ ಏನೂ ಇಲ್ಲದೆ ಪೆಟ್ಟಿಗೆಯನ್ನೇ ಗೋಡೆಯ ಸಾಕೆಟ್ಟಿಗೆ ಚುಚ್ಚುವುದು. ಅಗ್ಗ, ನೋಡಲೂ ಚೆಂದ. ದಯವಿಟ್ಟು ಬೇಡ. ನನ್ನ ಟೇಬಲ್ಲಿಗೆ ಬಂದವುಗಳ ಒಳಗೆ ಟ್ರಾನ್ಸ್‌ಫಾರ್ಮರ್ ಇರಲಿಲ್ಲ. ಒಂದು ಕೆಪಾಸಿಟರ್ ಹಾಕಿ 230 ವೋಲ್ಟನ್ನು ಇಳಿಸಿದ್ದರು. ಅಂಥದರ ಬೋರ್ಡು ಮುಟ್ಟಿದರೆ ಮೇನ್ಸ್ ಮುಟ್ಟಿದ ಹಾಗೆಯೇ. ದೇವರ ಮನೆಗೆ ಜನ ಬರುವುದು ಸ್ನಾನ ಮಾಡಿ, ಒದ್ದೆ ಕೈಯಲ್ಲಿ, ಬರಿಗಾಲಲ್ಲಿ. ಪ್ಲಾಸ್ಟಿಕ್ ಒಡೆದಿದ್ದರೆ, ಅಭಿಷೇಕದ ನೀರು ಒಳಗೆ ಹೋಗಿದ್ದರೆ ಮುಟ್ಟಬೇಡಿ.

ಫೋನಿನಲ್ಲೇ ಹಾಕಬಹುದಲ್ವಾ ಅನ್ನುತ್ತೀರಿ. ಮಗಳು ಹಾಕಿಕೊಟ್ಟಳು. ಒಳ್ಳೆಯ ಧ್ವನಿ, ಟಕ್ ಇಲ್ಲ. ಐದು ನಿಮಿಷಕ್ಕೆ ಒಬ್ಬ ಬಂದು ರಮ್ಮಿ ಆಡಿ ಅಂದ. ಅಮ್ಮ ಫೋನನ್ನು ಮಗುಚಿಟ್ಟಳು.

ಈಗ ದೊಡ್ಡ ದೋಷ. ಇದಕ್ಕೆ ನೆನಪಿಲ್ಲ. ಕರೆಂಟ್ ಹೋಗಿ ಬಂದರೆ ಎಲ್ಲಿ ನಿಂತಿತ್ತು ಅಂತ ಗೊತ್ತಿರುವುದಿಲ್ಲ, ಒಂದನೇ ನಂಬರಿನಿಂದ ಶುರು. ಒಂದನೇ ನಂಬರ್ ಗಾಯತ್ರಿ. ಅದೂ ಪೂರ್ತಿ ಸೌಂಡಿನಲ್ಲಿ. ಒಂದು ದಿನ ಬೆಳಗಿನ ಜಾವ ಮೂರು ಗಂಟೆಗೆ ಕರೆಂಟ್ ಬಂದು ಇಡೀ ಮನೆ ದಿಗ್ಗನೆ ಎದ್ದು ಕೂತಿತು. ಪಕ್ಕದ ಮನೆಯವರು ಬೆಳಗ್ಗೆ ಕೇಳಿದರು, "ಏನು ಸಾರ್, ಉಪನಯನಾನಾ?" ಅಂತ. ಲಿಂಗಾಯತರ ಮನೆಯಲ್ಲಿ!

ಹೀಗಾಗಿ ಕರೆಂಟ್ ಬಂದಾಗಲೆಲ್ಲ ಯಾರಾದರೂ ಎದ್ದು ಹೋಗಿ ಆರು ಸಲ ಗುಂಡಿ ಒತ್ತಬೇಕು, ಸೌಂಡ್ ಇಳಿಸಬೇಕು. ಮೊದಲು ಅಮ್ಮನೇ ಒತ್ತುತ್ತಿದ್ದಳು. ಸೊಂಟದ ಮೂಳೆ ಮುರಿದು ಮಲಗಿದ ಮೇಲೆ ಕೂಗುತ್ತಿದ್ದಳು: "ಆರು ಒತ್ತಪ್ಪ."

ಮಲಗಿದ್ದು ನಡುಮನೆಯಲ್ಲಿ, ದೇವರ ಮನೆ ಬಾಗಿಲಿಗೆ ನೇರ. ಹಗಲು ಯಾರಾದರೂ ಬಂದು ಮಾತಾಡಿಸುತ್ತಾರೆ. ರಾತ್ರಿ ದೊಡ್ಡದು. ಹಾಸಿಗೆ ಹಿಡಿದವರಿಗೆ ರಾತ್ರಿ ಎರಡರಿಂದ ನಾಲ್ಕು ಅನ್ನುವುದು ಬೇರೆಯೇ ಊರು. ಟಿವಿ ಬೇಡ ಅಂದಳು. ಬೆಳಗ್ಗೆ ಆಕಾಶವಾಣಿಯ ಗೀತಾರಾಧನ ಕೇಳಿ ಬೆಳೆದವಳು, ಆದರೆ ಅದಕ್ಕೆ ಬೆಳಗಾಗಬೇಕಲ್ಲ. ಪೆಟ್ಟಿಗೆ ಮಾತ್ರ ಸಣ್ಣಗೆ, ಮಿಣುಕುತ್ತಾ, 36 ಸೆಕೆಂಡಿಗೊಮ್ಮೆ ಉಸಿರು ತೆಗೆದುಕೊಳ್ಳುತ್ತಾ ಇರುತ್ತಿತ್ತು. ನಾನು ನೀರು ಕುಡಿಯಲು ಎದ್ದಾಗ ನೋಡುತ್ತಿದ್ದೆ. ಕಣ್ಣು ಬಿಟ್ಟುಕೊಂಡೇ ಇರುತ್ತಿದ್ದಳು, ನರಳುತ್ತಿರಲಿಲ್ಲ.

ಒಂದು ರಾತ್ರಿ ಲೋಡ್ ಶೆಡ್ಡಿಂಗ್. ಪೆಟ್ಟಿಗೆ ನಿಂತಿತು. ಫ್ಯಾನೂ ನಿಂತು ಮನೆ ಗಪ್‌ಚುಪ್. ಆಗ ನಡುಮನೆಯಿಂದ ಅದೇ ಮಂತ್ರ, ಅದೇ ಧಾಟಿಯಲ್ಲಿ, ಸಣ್ಣ ದನಿಯಲ್ಲಿ ಕೇಳಿಸಿತು. ಪೆಟ್ಟಿಗೆಗೆ ಜೀವ ಬಂತೇನೋ ಅಂದುಕೊಂಡೆ. ಅಮ್ಮ. ಅದು ಬಿಟ್ಟ ಕಡೆಯಿಂದ ಇವಳು ಹಿಡಿದುಕೊಂಡಿದ್ದಳು. ಒಂದೂಕಾಲು ಗಂಟೆ. ಕರೆಂಟ್ ಬಂದು ಗಾಯತ್ರಿ ಅರಚಿಕೊಂಡ ಮೇಲೆ ನಿಲ್ಲಿಸಿ, "ಆರು ಒತ್ತಪ್ಪ" ಅಂದಳು.

ನನಗೆ ಸಂಕಟವಾಯಿತು. ರಿಪೇರಿಯವನ ಅಮ್ಮ ಹೀಗೆ ಕಷ್ಟಪಡಬೇಕಾ? ಮರುದಿನವೇ ಹಳೆಯ ಲ್ಯಾಪ್‌ಟಾಪ್ ಬ್ಯಾಟರಿಯಿಂದ ಒಂದು ಒಳ್ಳೆಯ ಸೆಲ್ ತೆಗೆದು, ಚಾರ್ಜಿಂಗ್ ಬೋರ್ಡು ಹಾಕಿ, ಪೆಟ್ಟಿಗೆಯ ಹಿಂದೆ ಕೂರಿಸಿದೆ. ಕರೆಂಟ್ ಹೋದರೆ ಹತ್ತು ಗಂಟೆ ಆರಾಮಾಗಿ ಓಡುತ್ತದೆ. ಚೆನ್ನಾಗಿ ಮಾಡಿದ ಕೆಲಸ, ನಾನೇ ಹೇಳಬೇಕು. ಮೂರು ದಿನ ಅಮ್ಮ ಏನೂ ಅನ್ನಲಿಲ್ಲ. ನಾಲ್ಕನೇ ದಿನ ಕರೆಂಟ್ ಹೋಯಿತು, ಪೆಟ್ಟಿಗೆ ನಿಲ್ಲಲಿಲ್ಲ. ಬೆಳಗ್ಗೆ ಕರೆದು ಹೇಳಿದಳು: "ಅದನ್ನ ತೆಗೆದುಬಿಡು. ನನಗೂ ಒಂದು ಪಾಳಿ ಇರಲಿ."

ಪಾಳಿ. ಅಪ್ಪ ಕಾರ್ಖಾನೆಗೆ ಹೊರಟಾಗ ಮನೆಯಲ್ಲಿ ಇದ್ದ ಮಾತು ಅದು. ತೆಗೆದೆ. ಆ ಬ್ಯಾಟರಿ ಈಗ ನನ್ನ ಸ್ಕ್ರೂ ಡಬ್ಬಿಯಲ್ಲಿದೆ.

ಅಂಗಡಿಗೆ ಬರುವ ನಿವೃತ್ತ ಮೇಷ್ಟ್ರೊಬ್ಬರಿಗೆ ಹಳೆಯ ಕಲ್ಲು ಓದುವ ಹುಚ್ಚು. ವಾರಂಟಿ ಚೀಟಿ ತೋರಿಸಿ ನಗುತ್ತಿದ್ದಾಗ ಅವರು ಹೇಳಿದರು. ಹಿಂದಿನವರು ಗುಡಿಯಲ್ಲಿ ನಂದಾದೀಪ ಉರಿಯಲಿ ಅಂತ ಹೊಲ ಬಿಡುತ್ತಿದ್ದರು, ಗಾಣದ ಎಣ್ಣೆ ಬಿಡುತ್ತಿದ್ದರು. ಎಷ್ಟು ದಿನ? ಚಂದ್ರ ಸೂರ್ಯ ಇರುವ ತನಕ. ಅದನ್ನು ಕಲ್ಲಲ್ಲಿ ಕೆತ್ತಿಸಿ, ಕೆಡಿಸಿದವನಿಗೆ ಗಂಗೆಯ ದಡದಲ್ಲಿ ಕವಿಲೆ ಹಸುವನ್ನು ಕೊಂದ ಪಾಪ ಬರಲಿ ಅಂತ ಕೆಳಗೆ ಬರೆಸುತ್ತಿದ್ದರು. ನೋಡಿ, ಅದು ವಾರಂಟಿ! ಕಲ್ಲು ಎಷ್ಟೋ ಕಡೆ ಉಳಿದಿದೆ, ದೀಪ ಹೋಗಿದೆ. ಸಿದ್ಧಗಂಗೆಯ ದಾಸೋಹದ ಒಲೆ ಇಷ್ಟು ವರ್ಷ ಆರಿಲ್ಲ ಅಂತ ನಮ್ಮ ಕಡೆ ಹೇಳುತ್ತಾರೆ. ಅಲ್ಲಿ ಯಾವ ಕಲ್ಲಿನ ಶಾಪ ಕೆಲಸ ಮಾಡುತ್ತಿದೆಯೋ ಕಾಣೆ. ನನಗೆ ಕಂಡದ್ದು ಬೆಳಗಿನ ಜಾವ ಎದ್ದು ಸೌದೆ ಒಟ್ಟುವ ಹುಡುಗರು.

ಸರಿ, ಅಂಕ ಕೊಡಬೇಕಲ್ಲ. ಧ್ವನಿಗೆ ಐದಕ್ಕೆ ಎರಡು. ಕಟ್ಟಿದ ರೀತಿಗೆ ಒಂದು, ಅದೂ ಮೂರು ಸ್ಕ್ರೂಗೆ. ಅಡಾಪ್ಟರಿಗೆ ಸೊನ್ನೆ. ರಿಪೇರಿಗೆ ಬಂದಾಗ ನಾನು ನೋಡಿದ್ದರಲ್ಲಿ ಮುಕ್ಕಾಲು ಪಾಲು ಅಡಾಪ್ಟರೇ ಹೋಗಿರುತ್ತದೆ. ಉಳಿದದ್ದು ಗುಂಡಿ. ವಿಭೂತಿ, ಕುಂಕುಮ, ಊದುಬತ್ತಿಯ ಜಿಡ್ಡು ಸೇರಿ ಗುಂಡಿ ಅಂಟಿಕೊಳ್ಳುತ್ತದೆ. ಪೂಜೆ ಮಾಡುವವರು ಪೆಟ್ಟಿಗೆಗೂ ಪೂಜೆ ಮಾಡಿಬಿಡುತ್ತಾರೆ. ಅಮ್ಮನೂ ಸ್ಪೀಕರಿನ ತೂತಿಗೆ ದಿನಾ ಒಂದು ಕಣಗಿಲೆ ಹೂವು ಸಿಕ್ಕಿಸುತ್ತಿದ್ದಳು. ಹೂವು ಇಡಿ, ಪರವಾಗಿಲ್ಲ. ದೀಪದಿಂದ ಒಂದು ಗೇಣು ದೂರ ಇಡಿ, ಅಷ್ಟೆ.

ಅಮ್ಮ ಹೋಗಿದ್ದು 2024ರ ಕಾರ್ತಿಕದಲ್ಲಿ, ಹಗಲು ಹನ್ನೊಂದಕ್ಕೆ. ಕರೆಂಟ್ ಇತ್ತು. ಪೆಟ್ಟಿಗೆ ಹಾಡುತ್ತಿತ್ತು. ಪಲ್ಲಕ್ಕಿಯಂತೆ ಕಟ್ಟಿ, ಕೂರಿಸಿಯೇ ಒಯ್ದೆವು. ಗುಬ್ಬಿ ಕಡೆಯ ನಮ್ಮ ಹೊಲದಲ್ಲಿ ಗವಿ ತೋಡಿಸಿ, ಅವಳ ಇಷ್ಟಲಿಂಗವನ್ನು ಎಡಗೈಯಲ್ಲಿ ಇಟ್ಟು, ವಿಭೂತಿ ತುಂಬಿ ಮುಚ್ಚಿದೆವು. ಮನೆಗೆ ಬಂದಾಗಲೂ ಅದು ಹಾಡುತ್ತಲೇ ಇತ್ತು. ಅವತ್ತು ಯಾರೂ ಆರಿಸಲಿಲ್ಲ. ಶಿವಗಣಾರಾಧನೆ ಮುಗಿಯುವ ತನಕ ಇರಲಿ ಅಂದಳು ತಂಗಿ. ಮುಗಿದ ಮೇಲೆ ವರ್ಷದ ತನಕ ಇರಲಿ ಅಂದಳು. ವರ್ಷವೂ ಆಯಿತು.

ಯಾರಾದರೂ ಅಂಗಡಿಗೆ ಬಂದು ಸಾರ್, ಇಂಥದ್ದು ಕೊಳ್ಳಬಹುದಾ ಅಂದರೆ ಬೇಡ ಅನ್ನುತ್ತೇನೆ. ನಮ್ಮಜ್ಜಿಗೆ ಅಂದರೆ ಕೊಳ್ಳಿ ಅನ್ನುತ್ತೇನೆ. ನೆನಪಿರುವ ಹೊಸ ಮಾದರಿ ಬಂದಿದೆಯಂತೆ, ಕರೆಂಟ್ ಹೋದರೂ ನಿಂತಲ್ಲಿಂದಲೇ ಹಾಡುತ್ತದಂತೆ. ಒಬ್ಬ ಗಿರಾಕಿ ಹೇಳಿದ. ನಾನು ತರಿಸಿ ನೋಡಿಲ್ಲ.

ನಿನ್ನೆ ಗಾಳಿ ಮಳೆ. ಮೂರು ಸಲ ಕರೆಂಟ್ ಹೋಯಿತು. ಮೂರನೇ ಸಲ ಹೋದದ್ದು ಮುಕ್ಕಾಲು ಗಂಟೆ ಬರಲಿಲ್ಲ. ನಡುಮನೆಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದೆ. ಅಡುಗೆ ಮನೆಯಿಂದ ಹೆಂಡತಿ ಕೇಳಿದಳು, "ಆ ಬ್ಯಾಟರಿ ಸಿಕ್ಕಿಸಬಾರದಾ, ಸುಮ್ನೆ ಯಾಕೆ ಎದ್ದೆದ್ದು ಹೋಗ್ತೀರಿ?" ಡಬ್ಬಿಯಲ್ಲೇ ಇದೆ ಅಂದೆ. ಕರೆಂಟ್ ಬಂತು, ಗಾಯತ್ರಿ ಅರಚಿಕೊಂಡಿತು. ಎದ್ದು ಹೋಗಿ ಆರು ಒತ್ತಿದೆ.