ಬಿಲ್ಡ್‌ರೂಟ್‌ನ ಟಾರ್ಗೆಟ್ ಫೋಲ್ಡರನ್ನು ದಯವಿಟ್ಟು ಎಸ್‌ಡಿ ಕಾರ್ಡಿಗೆ ಕಾಪಿ ಮಾಡಬೇಡಿ

ಬಿಲ್ಡ್‌ರೂಟ್ ಅಂದರೆ ಚಿಕ್ಕ ಬೋರ್ಡುಗಳಿಗೆ ಬೇಕಾದ ಲಿನಕ್ಸನ್ನು ಕಟ್ಟಿಕೊಡುವ ಟೂಲು. ಕಾರ್ಡಿಗೆ ಬರೆಯಲು ಅದು ಕೊನೆಗೆ ಕೊಡುವ ಫೈಲೇ ಇಮೇಜ್. ಇಮೇಜ್ ಬಿಲ್ಡ್ ಆಗ್ತಿಲ್ಲ, ಟಾರ್ಗೆಟ್ ಫೋಲ್ಡರಿನಲ್ಲಿ ಎಲ್ಲ ಫೈಲುಗಳೂ ಇವೆಯಲ್ಲ, ಅದನ್ನೇ ಕಾರ್ಡಿಗೆ ಹಾಕಿಬಿಡೋಣ ಅನ್ನುವ ಯೋಚನೆ ನಿಮಗೆ ಬಂದಿದ್ದರೆ ಒಂದು ನಿಮಿಷ ನಿಲ್ಲಿ. ನಾನು ಹಾಗೇ ಮಾಡಿದೆ. ಹಿರಿಯೂರು ಕಡೆಯ ತೋಟಗಳಿಗೆ ಹೋಗಿ ನಾಲ್ಕು ಬೋರ್ಡು ಬಿಚ್ಚಿ ತರಬೇಕಾಯಿತು.

ಬೀಗಲ್‌ಬೋನ್ ಬ್ಲ್ಯಾಕ್ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿನ ಮೇಲೆ ಪಂಪ್‌ಸೆಟ್ಟಿನ ವೋಲ್ಟೇಜು, ಕರೆಂಟು ಬರೆದಿಡುವ ಚಿಕ್ಕ ಪ್ರೋಗ್ರಾಂ ನನ್ನದು. ಬೆಳಗಾದರೆ ಬೋರ್ಡುಗಳು ಹೊರಡಬೇಕು. ಹಿಂದಿನ ಸಂಜೆ ಬಿಲ್ಡ್ ಶುರುಮಾಡುವ ಮೇಕ್ ಕಮಾಂಡ್ ಕೊಟ್ಟೆ. 'ಎರರ್ 2' ಅಂತ ನಿಂತಿತು. ಆ ಕೊನೆಯ ಸಾಲಿನಿಂದ ಏನೂ ತಿಳಿಯುವುದಿಲ್ಲ. ಸ್ವಲ್ಪ ಮೇಲೆ ಹೋದರೆ ಇಮೇಜ್ ಕಟ್ಟುವ ಎಂಕೆಎಫ್‌ಎಸ್‌ನ ಮಾತು ಸಿಕ್ಕಿತು: 'ಕುಡ್ ನಾಟ್ ಅಲೊಕೇಟ್ ಬ್ಲಾಕ್ ಇನ್ ಇಎಕ್ಸ್‌ಟಿ2 ಫೈಲ್‌ಸಿಸ್ಟಮ್'. ಜಾಗ ಇಲ್ಲ ಅಂತ. ಡಿಎಫ್ ಹೊಡೆದು ನೋಡಿದೆ, ಲ್ಯಾಪ್‌ಟಾಪಿನಲ್ಲಿ 200 ಜಿಬಿ ಖಾಲಿ ಇದೆ! ಟೂಲೇ ಕೆಟ್ಟಿದೆ ಅಂದುಕೊಂಡೆ. ತುಂಬಿದ್ದು ಕಟ್ಟುತ್ತಿದ್ದ ಇಮೇಜು. ಬಿಲ್ಡ್‌ರೂಟ್ ಮೆನುವಿನಲ್ಲಿ ಅದರ 'ಎಕ್ಸಾಕ್ಟ್ ಸೈಜ್' ನಾವು ಮುಟ್ಟದಿದ್ದರೆ 60 ಎಂಬಿ. ಫೈಲ್‌ಸಿಸ್ಟಮ್ ಸೈಜ್ ಹೆಚ್ಚಿಸಬೇಕೇನೋ ಅಂತ ಎರರ್ ಕೆಳಗೇ ಬರೆದಿತ್ತು. ಅವಸರದಲ್ಲಿ ಅದು ಕಣ್ಣಿಗೆ ಬೀಳಲಿಲ್ಲ.

ಕಾರ್ಡನ್ನು ಮೌಂಟ್ ಮಾಡಿ, ಸುಡೋ ಸಿಪಿ -ಎ (ಫೈಲಿನ ಮಾಲೀಕರನ್ನೂ ಇದ್ದ ಹಾಗೇ ಉಳಿಸುವ ಕಾಪಿ) ಹೊಡೆದು ಟಾರ್ಗೆಟ್ ಫೋಲ್ಡರನ್ನು ಪೂರ್ತಿ ಸುರಿದೆ. 'ದಿಸ್ ಈಸ್ ನಾಟ್ ಯುವರ್ ರೂಟ್ ಫೈಲ್‌ಸಿಸ್ಟಮ್' ಅಂತ ದೊಡ್ಡಕ್ಷರದ ಹೆಸರಿನ ಫೈಲೊಂದು ಆ ಫೋಲ್ಡರಿನಲ್ಲೇ ಇರುತ್ತದೆ. ಅದನ್ನೂ ಕಾಪಿ ಮಾಡಿದೆ.

ಮೋಸ ಆಗುವುದು ಇಲ್ಲೇ, ಯಾಕೆಂದರೆ ಬೋರ್ಡು ಚೆನ್ನಾಗಿಯೇ ಬೂಟ್ ಆಗುತ್ತದೆ. ಡೆವ್ ಫೋಲ್ಡರಿನಲ್ಲಿ ಡಿವೈಸ್ ನೋಡ್ ಇಲ್ಲದಿದ್ದರೂ ಕರ್ನಲ್ಲೇ ಆ ನೋಡುಗಳನ್ನು ತಾನಾಗಿ ಒದಗಿಸುವ ಡೆವ್‌ಟಿಎಂಪಿಎಫ್‌ಎಸ್ ಮೌಂಟ್ ಮಾಡಿಕೊಂಡಿತು. ಸೀರಿಯಲ್ ಕೇಬಲ್ಲಿನಲ್ಲಿ ಲಾಗಿನ್ ಬಂತು. ಎಲ್ಲ ಅಧಿಕಾರವೂ ಇರುವ ರೂಟ್ ಯೂಸರ್ ಆಗಿ ಪ್ರೋಗ್ರಾಂ ಓಡಿಸಿದೆ, ಓಡಿತು. ದೂರದಿಂದ ಲಾಗಿನ್ ಆಗುವ ಎಸ್‌ಎಸ್‌ಎಚ್ ಪರೀಕ್ಷೆ ಮಾಡಲಿಲ್ಲ.

ತೋಟದಲ್ಲಿ ಹಾಕಿದ ಮೇಲೆ ಒಂದು ಬೋರ್ಡಿಗೂ ಎಸ್‌ಎಸ್‌ಎಚ್ ಸಿಗಲಿಲ್ಲ. ಡೇಟಾನೂ ಬರಲಿಲ್ಲ. ಸೀರಿಯಲ್ ಕೇಬಲ್ ಹಿಡಿದು ಬಸ್ ಹತ್ತಿದೆ. ಪಂಪ್ ಶೆಡ್ಡಿನಲ್ಲಿ ಸ್ಟಾರ್ಟರ್ ಡಬ್ಬದ ಪಕ್ಕ ಕೂತು ನೋಡಿದರೆ, ಪ್ರೋಗ್ರಾಂ ಓಡಬೇಕಾದ 'ಮೀಟರ್' ಎಂಬ ಯೂಸರೇ ಬೋರ್ಡಿನಲ್ಲಿಲ್ಲ. ಬಿಲ್ಡ್‌ರೂಟ್‌ನ ಯೂಸರ್ ಟೇಬಲ್ಲಿನಲ್ಲಿ ನಾನೇ ಬರೆದಿದ್ದೆ! ಆಡ್‌ಯೂಸರ್‌ನಿಂದ ಕೈಯಲ್ಲೇ ಸೇರಿಸಿದೆ. ಆಮೇಲೆ ಬೋರ್ಡಿನಲ್ಲಿ ಎಸ್‌ಎಸ್‌ಎಚ್ ನಡೆಸುವ ಎಸ್‌ಎಸ್‌ಎಚ್‌ಡಿ ಶುರು ಮಾಡಿದರೆ, 'ಎಸ್‌ಎಸ್‌ಎಚ್‌ಡಿ' ಯೂಸರ್ ಇಲ್ಲ ಅಂದಿತು. ಅದನ್ನೂ ಸೇರಿಸಿದೆ. ಈಗ ಬೇರೆ ತಕರಾರು: 'ವಾರ್' ಫೋಲ್ಡರಿನೊಳಗಿನ 'ಎಂಪ್ಟಿ' ಎಂಬ ಫೋಲ್ಡರ್ ರೂಟ್ ಹೆಸರಿನಲ್ಲೇ ಇರಬೇಕು.

ಹಾಗಾದರೆ ಯಾರ ಹೆಸರಿನಲ್ಲಿದೆ ಅಂತ ಎಲ್‌ಎಸ್ ಹೊಡೆದೆ. ಮೀಟರ್. ಗಾಬರಿಯಾಗಿ 'ಇಟಿಸಿ' ಫೋಲ್ಡರ್ ನೋಡಿದೆ. ಪಾಸ್‌ವರ್ಡುಗಳಿರುವ ಶ್ಯಾಡೋ ಫೈಲೂ ಮೀಟರ್ ಹೆಸರಿನಲ್ಲೇ ಇದೆ! ನನ್ನ ಲ್ಯಾಪ್‌ಟಾಪಿನಲ್ಲಿ ನನ್ನ ಯೂಸರ್ ನಂಬರ್ 1000. ಕಾಪಿ ಮಾಡಿದಾಗ ಎಲ್ಲ ಫೈಲುಗಳೂ ಆ ನಂಬರ್ ಹೊತ್ತುಕೊಂಡೇ ಹೋದವು. ಬೋರ್ಡಿನಲ್ಲಿ ಹೊಸದಾಗಿ ಸೇರಿಸಿದ ಮೊದಲ ಯೂಸರಿಗೂ ಸಿಕ್ಕಿದ್ದು 1000. ಅಂದರೆ, ನೆಟ್‌ವರ್ಕಿಗೆ ತೆರೆದುಕೊಂಡಿದ್ದ ಒಂದು ಮಾಮೂಲಿ ಪ್ರೋಗ್ರಾಮಿನ ಕೈಗೆ ಇಡೀ ಬೋರ್ಡಿನ ಬೀಗದ ಕೈ ಕೊಟ್ಟಿದ್ದೆ. ಅಲ್ಲಿಂದ ಎದ್ದು ನಾಲ್ಕೂ ಕಡೆ ಬೋರ್ಡು ಬಿಚ್ಚಿದೆ.

ಫೈಲುಗಳ ಮಾಲೀಕತ್ವ, ಯೂಸರ್‌ಗಳು, ಬ್ಯುಸಿಬಾಕ್ಸ್‌ನ (ಬೋರ್ಡಿನ ಮೂಲ ಕಮಾಂಡುಗಳಿರುವ ಪ್ರೋಗ್ರಾಂ) ಸೆಟ್‌ಯುಐಡಿ ಬಿಟ್, ಡಿವೈಸ್ ನೋಡ್ ಇವೆಲ್ಲ ಸೇರುವುದು ಇಮೇಜ್ ಕಟ್ಟುವ ಕೊನೆಯ ಹಂತದಲ್ಲಿ, ರೂಟ್ ಆಗಿರುವಂತೆ ನಟಿಸುವ ಫೇಕ್‌ರೂಟ್ ಒಳಗೆ. ಅದಕ್ಕೆ ಮುಂಚಿನ ಟಾರ್ಗೆಟ್ ಫೋಲ್ಡರು ಬರೀ ಕಚ್ಚಾ ಸಾಮಾನು. ಕೈಯಲ್ಲೇ ಕಾರ್ಡು ತುಂಬಿಸಬೇಕಾದರೆ ಮೆನುವಿನಲ್ಲಿ ಟಾರ್ ಇಮೇಜ್ ಆರಿಸಿ, ಬರುವ ರೂಟ್‌ಎಫ್‌ಎಸ್ ಟಾರ್ ಫೈಲನ್ನು ಕಾರ್ಡಿನ ಮೇಲೆ ಸುಡೋದಲ್ಲೇ ಬಿಚ್ಚಿ.

ಇನ್ನೊಂದು ವಿಷಯ. ಸುಮ್ನೆ ಸೈಜ್ ಏರಿಸಿಯೂ ಬಿಡಬೇಡಿ. ನನ್ನ ಪ್ರೋಗ್ರಾಮಿಗೆ 60 ಎಂಬಿ ಧಾರಾಳವಾಗಿ ಸಾಕಾಗಬೇಕಿತ್ತು. ತಿಂಗಳ ಹಿಂದೆ ಪರೀಕ್ಷೆಗೆ ಅಂತ ಪೈಥಾನ್ ಹಾಕಿ, ಆಮೇಲೆ ಮೆನುವಿನಲ್ಲಿ ತೆಗೆದಿದ್ದೆ. ಮೆನುವಿನಲ್ಲಿ ತೆಗೆದರೂ ಬಿಲ್ಡ್‌ರೂಟ್ ಟಾರ್ಗೆಟ್ ಫೋಲ್ಡರಿನಿಂದ ಅದರ ಫೈಲುಗಳನ್ನು ಅಳಿಸುವುದಿಲ್ಲ. ಮೇಕ್ ಕ್ಲೀನ್ ಕೊಟ್ಟರಷ್ಟೇ ಹೋಗುತ್ತವೆ. ಟೂಲ್‌ಚೈನ್‌ನಿಂದ ಹಿಡಿದು ಎಲ್ಲವನ್ನೂ ಮತ್ತೆ ಕಟ್ಟಬೇಕು ಅನ್ನುವ ಬೇಸರಕ್ಕೆ ನಾನು ಅದನ್ನು ಕೊಟ್ಟಿರಲೇ ಇಲ್ಲ. ವಾಪಸ್ ಬಂದ ರಾತ್ರಿ ಅದನ್ನು ಕೊಟ್ಟು, ಮತ್ತೆ ಮೇಕ್ ಕೊಟ್ಟು ಮಲಗಿದೆ. ಬೆಳಿಗ್ಗೆ ಎದ್ದಾಗ ಇಮೇಜ್ ತಯಾರಾಗಿತ್ತು, ಅದೇ 60 ಎಂಬಿಯಲ್ಲಿ.