ಇ-ಕೋರ್ಟ್ಸ್ ಆಪ್: ಕ್ರೆಡಿಟ್ ಕಾರ್ಡ್ ಡಿಕ್ರಿ ಮೇಲೆ ಅಪೀಲು ಹಾಕುವವರಿಗೆ ಎಷ್ಟು ಆಸರೆ?

ಕ್ರೆಡಿಟ್ ಕಾರ್ಡ್ ಬಾಕಿಗೆ ಬ್ಯಾಂಕು ದಾವೆ ಹೂಡಿದಾಗ, ಮನೆ ಬದಲಾಯಿಸಿದವರ ಹಳೇ ವಿಳಾಸಕ್ಕೆ ಸಮನ್ಸ್ ಹೋಗುತ್ತದೆ. ಪ್ರತಿವಾದಿ ಹಾಜರಾಗುವುದಿಲ್ಲ, ಕೋರ್ಟು ಎಕ್ಸ್‌ಪಾರ್ಟಿ (ಒಂದೇ ಕಡೆಯವರನ್ನು ಕೇಳಿ) ಮಾಡಿ ಬ್ಯಾಂಕಿನ ಪರ ಡಿಕ್ರಿ, ಅಂದರೆ ಹಣ ಕಟ್ಟಬೇಕೆಂಬ ತೀರ್ಮಾನ, ಕೊಡುತ್ತದೆ. ವಿಷಯ ತಿಳಿಯುವುದು ಸಂಬಳ ಜಪ್ತಿಯ ಆದೇಶ ಆಫೀಸಿಗೆ ಬಂದಾಗ. ಇದನ್ನು ಮೊದಲೇ ಹಿಡಿಯಲು ಕೋರ್ಟು ಪ್ರಕರಣಗಳ ಮಾಹಿತಿ ಕೊಡುವ ಇ-ಕೋರ್ಟ್ಸ್ ಸರ್ವಿಸಸ್ ಆಪ್‌ನಷ್ಟು ಸುಲಭದ, ಖರ್ಚಿಲ್ಲದ ದಾರಿ ಇನ್ನೊಂದಿಲ್ಲ. ಆದರೆ ಅಪೀಲಿನ ಹಾದಿಯಲ್ಲಿ ಅದು ಅರ್ಧಕ್ಕೇ ನಿಲ್ಲುತ್ತದೆ. ಎಲ್ಲಿ ನಿಲ್ಲುತ್ತದೆಂದು ತಿಳಿಯದವರು ಗಡುವು ಕಳೆದುಕೊಳ್ಳುತ್ತಾರೆ.

ಕೋರ್ಟಿನ ಯಾವುದೇ ಕಾಗದದಲ್ಲಿ 16 ಅಕ್ಷರ-ಅಂಕಿಗಳ ಸಿಎನ್ಆರ್ ಸಂಖ್ಯೆ (ಪ್ರತಿ ಪ್ರಕರಣಕ್ಕೂ ಇರುವ ಪ್ರತ್ಯೇಕ ಗುರುತು) ಸಿಕ್ಕರೆ ಕೆಲಸ ಕ್ಷಣದಲ್ಲಿ ಮುಗಿಯುತ್ತದೆ. ಕರ್ನಾಟಕದ್ದು ‘ಕೆಎ’ ಎಂದು ಶುರುವಾಗುತ್ತದೆ, ಕೊನೆಯ ನಾಲ್ಕು ಅಂಕಿ ವರ್ಷ. ಸಂಖ್ಯೆ ಇಲ್ಲದಿದ್ದರೆ ರಾಜ್ಯ, ಜಿಲ್ಲೆ, ನ್ಯಾಯಾಲಯ ಸಂಕೀರ್ಣ ಆರಿಸಿ ಪಕ್ಷಗಾರರ ಹೆಸರಿನಿಂದ ಹುಡುಕಬೇಕು. ಇಲ್ಲೇ ಬಹಳ ಜನ ಎಡವುವುದು. ಹೆಸರಿನ ಕಾಗುಣಿತ ಬ್ಯಾಂಕಿನವರು ಬರೆದಂತೆ ಇರುತ್ತದೆ. ಇನಿಷಿಯಲ್ ಹಿಂದೆಯೋ ಮುಂದೆಯೋ, ‘ರಮೇಶ್’ ಇದ್ದದ್ದು ‘ರಮೇಶ’ ಆಗಿದೆಯೋ ಹೇಳಲಾಗದು. ಹೆಸರಿನ ಮೊದಲ ಕೆಲವು ಅಕ್ಷರ ಮಾತ್ರ ಹಾಕಿ, ಬಾಕಿ ಮತ್ತು ಇತ್ಯರ್ಥವಾದ ಪ್ರಕರಣ ಎರಡನ್ನೂ, ಒಂದೊಂದು ವರ್ಷವಾಗಿ ನೋಡಿ. ದಾವೆ ಸಿಕ್ಕಿದ ಮೇಲೆ, ಡಿಕ್ರಿ ಹಣ ವಸೂಲಿಗೆ ಬ್ಯಾಂಕು ಹಾಕುವ ಅಮಲ್ಜಾರಿ ಅರ್ಜಿಯನ್ನೂ ಬೇರೆಯಾಗಿ ಹುಡುಕಿ. ಅದಕ್ಕೆ ಬೇರೆಯದೇ ಸಂಖ್ಯೆ ಇರುತ್ತದೆ.

ಆಪ್‌ನ ನಿಜವಾದ ಬೆಲೆ ಇರುವುದು ಪ್ರಕರಣದ ಇತಿಹಾಸದಲ್ಲಿ. ಒಂದೊಂದು ದಿನಾಂಕ ಒತ್ತಿದರೆ ಆ ದಿನ ನಡೆದದ್ದು ತೆರೆದುಕೊಳ್ಳುತ್ತದೆ: ಸಮನ್ಸ್ ಹೇಗೆ ಜಾರಿಯಾಯಿತು, ಯಾವತ್ತು ಎಕ್ಸ್‌ಪಾರ್ಟಿ ಆಯಿತು. ಮುಂದಿನ ದಾರಿ ಆರಿಸಲು ಬೇಕಾದದ್ದು ಇದೇ. ಸಮನ್ಸ್ ಸರಿಯಾಗಿ ಜಾರಿಯಾಗದಿದ್ದರೆ ಸಿಪಿಸಿ (ಸಿವಿಲ್ ಪ್ರಕ್ರಿಯಾ ಸಂಹಿತೆ) ಆರ್ಡರ್ 9 ರೂಲ್ 13ರಡಿ ಡಿಕ್ರಿ ಕೊಟ್ಟ ಕೋರ್ಟಿನಲ್ಲೇ ಅದನ್ನು ರದ್ದುಪಡಿಸಲು ಕೇಳಬಹುದು. ಗಡುವು 30 ದಿನ. ಸಮನ್ಸ್ ಜಾರಿಯಾಗಿರದಿದ್ದರೆ ಡಿಕ್ರಿ ವಿಷಯ ತಿಳಿದ ದಿನದಿಂದ ಎಣಿಕೆ. ದಾವೆ ಆರ್ಡರ್ 37ರ ಸಮ್ಮರಿ ಸೂಟ್ (ಬೇಗ ತೀರ್ಮಾನಿಸುವ ಹಣದ ದಾವೆ) ಆಗಿದ್ದರೆ ಅರ್ಜಿ ಅದೇ ಆರ್ಡರಿನ ರೂಲ್ 4ರಡಿ ಹೋಗಬೇಕು. ಸಿಪಿಸಿ ಕಲಂ 96ರಡಿ ಮೇಲಿನ ಕೋರ್ಟಿಗೆ ಹಾಕುವ ಅಪೀಲು ಎಕ್ಸ್‌ಪಾರ್ಟಿ ಡಿಕ್ರಿ ಮೇಲೂ ನಡೆಯುತ್ತದೆ, ಆದರೆ ಕಡತದಲ್ಲಿ ನಿಮ್ಮ ಸಾಕ್ಷ್ಯ ಒಂದೂ ಇರುವುದಿಲ್ಲ. ಅಪೀಲು ವಾಪಸಾಗದೆ ಬೇರೆ ರೀತಿಯಲ್ಲಿ ತೀರ್ಮಾನವಾದರೆ ರೂಲ್ 13ರ ಬಾಗಿಲೂ ಮುಚ್ಚುತ್ತದೆ. ಸಮನ್ಸ್ ಬಾರದವರಿಗೆ ರೂಲ್ 13 ಮೊದಲ ಆಯ್ಕೆಯಾಗಬೇಕೆಂಬುದು ನಮ್ಮ ಸ್ಪಷ್ಟ ಅಭಿಪ್ರಾಯ.

ತೀರ್ಪಿನ ಪಿಡಿಎಫ್ ಆಪ್‌ನಲ್ಲಿ ಇಳಿಯುತ್ತದೆ. ವಕೀಲರಿಗೆ ತೋರಿಸಲು ಅದು ಸಾಕು, ಅಪೀಲಿಗೆ ಲಗತ್ತಿಸಲು ಸಾಲದು. ನಕಲು ವಿಭಾಗದಿಂದ ದೃಢೀಕೃತ ಪ್ರತಿಯೇ ಬೇಕು. ಜಿಲ್ಲಾ ಮಟ್ಟದ ಅಪೀಲಿಗೆ 30 ದಿನ, ಹೈಕೋರ್ಟಿಗೆ 90 ದಿನ. ನಕಲಿಗೆ ಅರ್ಜಿ ಕೊಟ್ಟಲ್ಲಿಂದ ಪ್ರತಿ ಸಿದ್ಧವಾಗುವವರೆಗಿನ ಸಮಯ ಈ ಗಡುವಿನ ಲೆಕ್ಕಕ್ಕೆ ಸೇರುವುದಿಲ್ಲ. ಡಿಕ್ರಿ ಬರೆದು ಮುಗಿಯಲಿ ಎಂದು ಅರ್ಜಿ ಕೊಡದೆ ಕಾದ ದಿನಗಳು ಮಾತ್ರ ಲೆಕ್ಕಕ್ಕೆ ಸೇರುತ್ತವೆ. ಹಾಗಾಗಿ ಇತ್ಯರ್ಥದ ದಿನಾಂಕ ಕಂಡ ದಿನವೇ ನಕಲಿಗೆ ಅರ್ಜಿ ಬೀಳಬೇಕು. ಗಡುವು ದಾಟಿದ್ದರೆ ಲಿಮಿಟೇಷನ್ (ಕಾಲಮಿತಿ) ಕಾಯ್ದೆಯ ಕಲಂ 5ರಡಿ ವಿಳಂಬ ಮನ್ನಾ ಅರ್ಜಿಯನ್ನು ಅಫಿಡವಿಟ್ಟಿನೊಂದಿಗೆ ಅಪೀಲಿನ ಜೊತೆಗೇ ಹಾಕಬೇಕು.

ಅಪೀಲಿನ ಆಧಾರಗಳನ್ನು ಆಪ್ ಹೇಳದು, ಕಡತವೇ ಹೇಳಬೇಕು. ಕೊನೆಯ ಪಾವತಿಯಿಂದ ದಾವೆಗೆ ಮೂರು ವರ್ಷ ದಾಟಿದೆಯೇ, ಸ್ಟೇಟ್‌ಮೆಂಟಿಗೆ ಬ್ಯಾಂಕರ್ಸ್ ಬುಕ್ಸ್ ಎವಿಡೆನ್ಸ್ ಕಾಯ್ದೆಯ ಪ್ರಮಾಣಪತ್ರ ಇದೆಯೇ, ನೀವು ಕಟ್ಟಿದ ಮೊತ್ತ ಜಮೆಯಾಗಿದೆಯೇ ನೋಡಿ. ಬಡ್ಡಿ ದರ ಅತಿಯಾಯಿತು ಎಂಬ ಒಂದೇ ವಾದಕ್ಕೆ ಜೋತುಬೀಳಬೇಡಿ. ಕಾರ್ಡ್ ಬಡ್ಡಿಗೆ 30 ಶೇಕಡಾ ಮಿತಿ ಹಾಕಿದ್ದ ರಾಷ್ಟ್ರೀಯ ಗ್ರಾಹಕ ಆಯೋಗದ 2008ರ ಆದೇಶವನ್ನು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ರದ್ದು ಮಾಡಿದೆ. ಕೋರ್ಟ್ ಶುಲ್ಕ ಅಪೀಲಿನಲ್ಲಿ ಪ್ರಶ್ನಿಸುವ ಮೊತ್ತದ ಮೇಲೆ ಬೀಳುವುದರಿಂದ, ತಕರಾರು ಒಂದು ಭಾಗದ ಮೇಲಷ್ಟೇ ಇದ್ದರೆ ಅಷ್ಟಕ್ಕೇ ಅಪೀಲು ಸೀಮಿತಗೊಳಿಸಿ. ವಕೀಲರ ಶುಲ್ಕ ಭರಿಸಲಾಗದವರು ಕಾನೂನು ಸೇವೆಗಳ ಪ್ರಾಧಿಕಾರದ 15100ಕ್ಕೆ ಕರೆ ಮಾಡಬಹುದು. ಮಹಿಳೆಯರಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ ಅಲ್ಲಿ ಆದಾಯ ಮಿತಿ ಇಲ್ಲ.

ಆಪ್‌ನಲ್ಲಿ ಅಪೀಲಿನ ಸಂಖ್ಯೆ ಕಂಡರೆ ವಸೂಲಿ ನಿಂತಿತು ಎಂದು ನಂಬುವುದು ಅಪಾಯ. ಬರೀ ಅಪೀಲಿಗೆ ಡಿಕ್ರಿ ನಿಲ್ಲದು. ಆರ್ಡರ್ 41 ರೂಲ್ 5ರಡಿ ಸ್ಟೇ ಬೇರೆಯಾಗಿ ಕೇಳಬೇಕು. ಹಣದ ಡಿಕ್ರಿಯಾದ್ದರಿಂದ ಕೋರ್ಟು ಹೇಳಿದ ಠೇವಣಿ ಇಡದಿದ್ದರೆ ಅಥವಾ ಭದ್ರತೆ ಕೊಡದಿದ್ದರೆ ಸ್ಟೇ ಸಿಗದು. ಬ್ಯಾಂಕು ಕೇವಿಯಟ್ (ತನ್ನನ್ನು ಕೇಳದೆ ಆದೇಶ ಬೇಡ ಎಂಬ ಮುಂಗಡ ಅರ್ಜಿ) ಹಾಕಿದ್ದರೆ ಅದಕ್ಕೆ ನೋಟಿಸ್ ಹೋಗದೆ ಆದೇಶವಾಗದು. ಆಪ್‌ನ ಕೇವಿಯಟ್ ಹುಡುಕಾಟವನ್ನು ಅಪೀಲು ಹಾಕುವ ಮುನ್ನವೇ ಬಳಸಿ, ಅಪೀಲಿನ ಒಂದು ಪ್ರತಿಯನ್ನು ಬ್ಯಾಂಕಿನ ವಕೀಲರಿಗೆ ಕೊಟ್ಟರೆ ಒಂದು ಮುದ್ದತು (ವಿಚಾರಣೆಯ ದಿನ) ಉಳಿಯುತ್ತದೆ.

‘ನನ್ನ ಪ್ರಕರಣಗಳು’ ಪಟ್ಟಿಯಲ್ಲಿ ಅಪೀಲು, ಅಮಲ್ಜಾರಿ ಎರಡನ್ನೂ ಉಳಿಸಿಕೊಳ್ಳಿ. ಸ್ಟೇ ಸಿಕ್ಕಿದ್ದನ್ನು ಆಪ್ ಕೆಳಗಿನ ಕೋರ್ಟಿಗೆ ಮುಟ್ಟಿಸುವುದಿಲ್ಲ. ಆದೇಶದ ಪ್ರತಿಯನ್ನು ಅಮಲ್ಜಾರಿಯ ಮುಂದಿನ ದಿನಾಂಕದೊಳಗೆ ನಿಮ್ಮ ವಕೀಲರೇ ಅಲ್ಲಿ ಮೆಮೋದೊಂದಿಗೆ ಸಲ್ಲಿಸಬೇಕು.